ಹೆಸರು ತಪ್ಪಿದರೆ ಮದ್ದೂ ತಪ್ಪೀತು
(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಹೊಲದಲ್ಲಿ ಹುಳು ಕಂಡಾಗ ರೈತ ಕೇಳುವ ಮೊದಲ ಪ್ರಶ್ನೆ, 'ಇದಕ್ಕೆ ಏನು ಮದ್ದು?' ವಿಜ್ಞಾನಿ ಕೇಳಬೇಕಾದ ಮೊದಲ ಪ್ರಶ್ನೆ, 'ಇದು ಯಾವ ಹುಳು?' ಎರಡನೆಯದಕ್ಕೆ ಉತ್ತರ ಸಿಗದೆ ಮೊದಲನೆಯದಕ್ಕೆ ಉತ್ತರ ಹೇಳಿದರೆ, ಕಾಯಿಲೆ ಯಾವುದೆಂದು ತಿಳಿಯದೆ ಔಷಧಿ ಕೊಟ್ಟಂತಾಗುತ್ತದೆ.

ಹೆಸರು ಹಿಡಿಯುವುದು ಅಷ್ಟು ಕಷ್ಟವೇ ಎಂದು ನೀವು ಕೇಳಬಹುದು. ಜೇನುನೊಣದ ಮೈಗೆ ಅಂಟಿ ಬದುಕುವ ವರೋವಾ ಎಂಬ ನುಸಿಯ ಕಥೆ ಕೇಳಿ. ಜಾವಾ ದ್ವೀಪದ ಜೇನಿನಲ್ಲಿ ಸಿಕ್ಕ ಈ ನುಸಿಗೆ 1904ರಲ್ಲಿ 'ವರೋವಾ ಜಾಕೋಬ್ಸೋನಿ' ಎಂದು ಹೆಸರಿಡಲಾಯಿತು. ಮುಂದೆ ಯುರೋಪ್, ಅಮೆರಿಕಗಳ ಜೇನುಗೂಡುಗಳು ನುಸಿಯಿಂದ ನಾಶವಾಗತೊಡಗಿದಾಗ, ಎಲ್ಲರೂ ಅದೇ ಹೆಸರಿನ ನುಸಿಯನ್ನೇ ದೂರಿದರು. 2000ದಲ್ಲಿ ಆಸ್ಟ್ರೇಲಿಯಾದ ಡೆನಿಸ್ ಆ್ಯಂಡರ್ಸನ್ ಮತ್ತು ಜಾನ್ ಟ್ರೂಮನ್ ಈ ನುಸಿಗಳ ಮೈಟೊಕಾಂಡ್ರಿಯದ ಜೀನ್ ಅನ್ನೂ ದೇಹದ ಅಳತೆಗಳನ್ನೂ ಹೋಲಿಸಿ ನೋಡಿದರು. ಗೂಡುಗಳನ್ನು ನಾಶ ಮಾಡುತ್ತಿದ್ದುದು ಬೇರೆಯೇ ಪ್ರಭೇದವೆಂದು ತಿಳಿಯಿತು! ಅದಕ್ಕೆ 'ವರೋವಾ ಡಿಸ್ಟ್ರಕ್ಟರ್' ಎಂದು ಹೆಸರಿಟ್ಟರು. ಅದುವರೆಗೆ ಜಾಕೋಬ್ಸೋನಿಯ ಹೆಸರಿನಲ್ಲಿ ನಡೆದಿದ್ದ ಸಂಶೋಧನೆಗಳಲ್ಲಿ ಹೆಚ್ಚಿನವು ನಿಜವಾಗಿ ಈ ಇನ್ನೊಂದರ ಮೇಲೆ ನಡೆದಿದ್ದವು. ಒಂದು ತಪ್ಪು ಹೆಸರು ಎಷ್ಟು ಜನರ ಶ್ರಮವನ್ನು ದಾರಿ ತಪ್ಪಿಸಬಲ್ಲದು, ಯೋಚಿಸಿ.

ಮೈಟೊಕಾಂಡ್ರಿಯವೇ ಏಕೆ? ಜೀವಕೋಶದಲ್ಲಿ ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸುವ ಪುಟ್ಟ ಅಂಗಗಳಿವು. ಇವುಗಳಿಗೆ ತಮ್ಮದೇ ಆದ ಡಿಎನ್‌ಎ ಇದೆ. ಸಾಮಾನ್ಯವಾಗಿ ಒಂದು ಕೋಶದಲ್ಲಿ ಕೇಂದ್ರ ಒಂದೇ ಇದ್ದರೆ, ಮೈಟೊಕಾಂಡ್ರಿಯಗಳು ನೂರಾರು. ಆದ್ದರಿಂದ ಒಂದು ಕೀಟದ ಕಾಲಿನ ತುಂಡಿನಿಂದಲೂ ಈ ಡಿಎನ್‌ಎ ದೊರೆಯುತ್ತದೆ. ಇದರಲ್ಲಿರುವ 'ಸಿಒಐ' ಎಂಬ ಜೀನ್ ಉಸಿರಾಟದ ಕಿಣ್ವಕ್ಕೆ ಸಂಬಂಧಿಸಿದ್ದು. ಇದರ ಸುಮಾರು 650 ಅಕ್ಷರಗಳ ಒಂದು ಭಾಗ ಒಂದೇ ಪ್ರಭೇದದ ಜೀವಿಗಳಲ್ಲಿ ಬಹುಮಟ್ಟಿಗೆ ಒಂದೇ ರೀತಿ ಇದ್ದು, ಪ್ರಭೇದದಿಂದ ಪ್ರಭೇದಕ್ಕೆ ಸಾಕಷ್ಟು ಬದಲಾಗುತ್ತದೆ. ಅಂಗಡಿಯ ವಸ್ತುಗಳ ಮೇಲಿನ ಗೆರೆಗಳಂತೆ ಇದನ್ನು ಪ್ರಾಣಿಗಳ 'ಬಾರ್‌ಕೋಡ್' ಆಗಿ ಬಳಸಬಹುದೆಂದು 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಸೂಚಿಸಿದರು.

ಕೆಲಸದ ಕ್ರಮ ಸರಳ. ಡಿಎನ್‌ಎ ಬೇರ್ಪಡಿಸುವುದು, ಪಿಸಿಆರ್ ಯಂತ್ರದಲ್ಲಿ ಆ ಭಾಗದ ಕೋಟ್ಯಂತರ ಪ್ರತಿಗಳನ್ನು ಮಾಡುವುದು, ಅಕ್ಷರಗಳ ಸಾಲನ್ನು ಓದುವುದು, ಈಗಾಗಲೇ ಗುರುತಿಸಿಟ್ಟ ಕೀಟಗಳ ಸಾಲುಗಳೊಡನೆ ಹೋಲಿಸುವುದು.

ಇದರ ಪ್ರಯೋಜನ ನಮ್ಮ ನಾಡಿಗೂ ಆಗಿದೆ. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಹೊಸದೊಂದು ಹುಳು ಕಾಣಿಸಿತು. ಅದು ಅಮೆರಿಕ ಖಂಡಗಳ ಮೂಲದ, 2016ರಲ್ಲಿ ಆಫ್ರಿಕಾದಲ್ಲಿ ವರದಿಯಾಗಿದ್ದ ಫಾಲ್ ಸೈನಿಕ ಹುಳು. ಬೆಳೆದ ಹುಳುವಿನ ತಲೆಯ ಮೇಲೆ ತಲೆಕೆಳಗಾದ 'ವೈ' ಆಕಾರದ ಗುರುತು, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಚುಕ್ಕೆಗಳು ಇರುತ್ತವೆ. ಆದರೆ ಆಗತಾನೇ ಮೊಟ್ಟೆಯಿಂದ ಬಂದ ಮರಿಯಲ್ಲಿ ಈ ಗುರುತುಗಳು ಸ್ಪಷ್ಟವಿರುವುದಿಲ್ಲ. ಮೊಟ್ಟೆಯಲ್ಲಂತೂ ಇಲ್ಲವೇ ಇಲ್ಲ. ಜೀನಿನ ಅಕ್ಷರಗಳು ಮಾತ್ರ ಮೊಟ್ಟೆಯಲ್ಲೂ ಪತಂಗದಲ್ಲೂ ಒಂದೇ. ಹುಳು ಸುಳಿಯೊಳಗೆ ಸೇರಿ ಬೆಳೆ ತಿಂದ ಮೇಲೆ ಹೆಸರು ತಿಳಿದು ಏನು ಫಲ?

ಹಾಗೆಂದು ಯಂತ್ರ ಹೇಳಿದ್ದೇ ಕೊನೆಯ ಮಾತು ಎಂದು ತಿಳಿಯಬೇಡಿ. ಮೈಟೊಕಾಂಡ್ರಿಯ ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬರುತ್ತದೆ. ಎರಡು ಬಗೆಗಳು ಬೆರೆತಾಗ ತಂದೆಯ ಕಡೆಯ ಸುದ್ದಿ ಅದರಲ್ಲಿ ಇರುವುದಿಲ್ಲ. ಇದೇ ಸೈನಿಕ ಹುಳುವಿನಲ್ಲಿ 'ಭತ್ತದ ಬಗೆ', 'ಜೋಳದ ಬಗೆ' ಎಂದು ಎರಡಿವೆ. ಭಾರತದ ಹಲವು ಮಾದರಿಗಳಲ್ಲಿ ಮೈಟೊಕಾಂಡ್ರಿಯದ ಜೀನ್ ಭತ್ತದ ಬಗೆ ಎಂದರೆ, ಕೋಶಕೇಂದ್ರದ ಜೀನ್ ಜೋಳದ ಬಗೆ ಎಂದಿತು! ಇದಲ್ಲದೆ, ಹೋಲಿಕೆಗಿರುವ ಸಂಗ್ರಹದಲ್ಲೇ ಯಾರೋ ತಪ್ಪು ಹೆಸರು ಬರೆದಿಟ್ಟಿದ್ದರೆ ನಮ್ಮ ಉತ್ತರವೂ ತಪ್ಪಾಗುತ್ತದೆ. ಆ ಸಂಗ್ರಹಕ್ಕೆ ಮೊದಲು ಸರಿಯಾದ ಹೆಸರು ಬರೆಯಬೇಕಾದವರು ಕೀಟದ ಕಾಲು, ರೆಕ್ಕೆ, ರೋಮಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬಲ್ಲ ತಜ್ಞರೇ.

ವಿದ್ಯಾರ್ಥಿಗಳೇ, ಜೀವತಂತ್ರಜ್ಞಾನ ಕಲಿಯಲು ನಿಮ್ಮಲ್ಲಿ ಅನೇಕರು ಆಸಕ್ತರಾಗಿದ್ದೀರಿ, ಸಂತೋಷ. ಆದರೆ ಪ್ರಯೋಗಾಲಯಕ್ಕೆ ಹೋಗುವ ಮುನ್ನ ಹೊಲಕ್ಕೂ ಹೋಗಿ. ಒಂದು ಎಲೆ ತಿರುಗಿಸಿ ನೋಡಿ. ಕಂಡದ್ದನ್ನು ಸ್ಥಳ, ದಿನಾಂಕ, ಬೆಳೆಯೊಡನೆ ಬರೆದಿಡಿ. ಅಕ್ಷರ ಓದುವ ಯಂತ್ರವೂ ಬೇಕು, ಹುಳು ಓದುವ ಕಣ್ಣೂ ಬೇಕು. ಎರಡನ್ನೂ ಬಲ್ಲವನು ಹೇಳುವ ಹೆಸರನ್ನು ನಂಬಿ ರೈತ ಮದ್ದು ಹೊಡೆಯುತ್ತಾನೆ. ಆ ನಂಬಿಕೆಗೆ ತಕ್ಕವರಾಗಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.