ಬೆಂಗಳೂರಿಗೆ ಬಂದವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಮಾಡಿದ ಭಾಷಣ)



ಸಮಿತಿಯವರು ನನಗೆ ಬೆಂಗಳೂರಿನ ಬಗ್ಗೆ ಮಾತನಾಡಲು ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಊಟದ ಹೊತ್ತು ಮೀರುತ್ತಿದೆ, ಹತ್ತೇ ಸಾಕು. ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆಯ ಮೇಲೆ ಕೇಳುವುದು ಒಂದೇ ಪ್ರಶ್ನೆ: “ಏನ್ ಮೇಷ್ಟ್ರೇ, ಬೆಂಗಳೂರೆಲ್ಲ ಹೊರಗಿನವರೇ ತುಂಬ್ಕೊಂಡ್ರಂತಲ್ಲ?” ಅದಕ್ಕೆ ನನಗೆ ತಿಳಿದ ಉತ್ತರ ಹೇಳಿ ಕೂರುತ್ತೇನೆ.

ನಾನು ಬೆಂಗಳೂರಿನ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. 2011ರ ಜನಗಣತಿಗೆ ನನ್ನನ್ನೂ ಹಾಕಿದ್ದರು. ಫೆಬ್ರವರಿ 9ರಿಂದ 28ರವರೆಗೆ ಮನೆಮನೆ ಅಲೆದೆವು. 28ರ ರಾತ್ರಿ ಫುಟ್‌ಪಾತಿನಲ್ಲಿ ಮಲಗಿದವರನ್ನೂ ಎಣಿಸಬೇಕಿತ್ತು. ಆ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಕಲಂ, ಬರುವ ಇತರ ಭಾಷೆಗಳಿಗೆ ಇನ್ನೊಂದು, ಹುಟ್ಟಿದ ಸ್ಥಳಕ್ಕೆ ಬೇರೆಯದೇ ಒಂದು. ನಮ್ಮ ಜಗಳವೆಲ್ಲ ಹುಟ್ಟುವುದು ಈ ಮೂರು ಕಲಂಗಳನ್ನು ಒಂದೇ ಮಾಡಿಕೊಂಡಿದ್ದರಿಂದ.

ಲೆಕ್ಕ ಕೇಳಿ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ ಸುಮಾರು 65 ಲಕ್ಷ ಜನ. 2011ರಲ್ಲಿ 96 ಲಕ್ಷ. ಮುಂದಿನ ಗಣತಿ 2021ಕ್ಕೆ ಆಗಬೇಕಿತ್ತು, ಕೊರೊನಾದಿಂದ ತಪ್ಪಿತು. ಹಾಗಾಗಿ ಕೈಯಲ್ಲಿರುವುದು ಹಳೆಯ ಲೆಕ್ಕವೇ. ಅದರ ಪ್ರಕಾರ ಕನ್ನಡ ಮಾತೃಭಾಷೆಯವರು ನೂರಕ್ಕೆ ಸುಮಾರು 44. ತಮಿಳು 15, ತೆಲುಗು 14, ಉರ್ದು 12. ಈ 44 ಅನ್ನುವ ಸಂಖ್ಯೆ ಕೇಳಿದ ತಕ್ಷಣ ‘ಉಳಿದವರೆಲ್ಲ ಹೊರಗಿನವರು’ ಎಂದುಬಿಡುತ್ತಾರೆ. ಅದು ತಪ್ಪು ಓದು.

ಉರ್ದು ಮಾತೃಭಾಷೆ ಎಂದು ಬರೆಸಿದವರಲ್ಲಿ ತಲತಲಾಂತರದಿಂದ ಇಲ್ಲೇ ಇರುವವರು ಎಷ್ಟೋ ಮಂದಿ. ಮನೆಯಲ್ಲಿ ತೆಲುಗು ಆಡುವವನು ಆಂಧ್ರದವನೇ ಆಗಬೇಕಿಲ್ಲ, ಕೋಲಾರದವನೋ ಪಾವಗಡದವನೋ ಆಗಿರಬಹುದು. ತಮಿಳರ ಕಥೆ ನಮ್ಮ ಜಿಲ್ಲೆಗೇ ಗಂಟು ಹಾಕಿಕೊಂಡಿದೆ. ಬ್ರಿಟಿಷರ ಪಡೆಗೆ ನಮ್ಮ ಶ್ರೀರಂಗಪಟ್ಟಣದ ಹವೆ ಹಿಡಿಸಲಿಲ್ಲ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿದರು. ದಂಡಿನ ಹಿಂದೆ ಸಿಪಾಯಿಗಳು, ಅಡುಗೆಯವರು, ಗಾಡಿಯವರು, ವ್ಯಾಪಾರಿಗಳು ಬಂದರು. ಅವರಲ್ಲಿ ಬಹಳ ಮಂದಿ ತಮಿಳು ಮಾತಿನವರು. ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಜೊತೆಗೆ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಅದಾದ ಮೇಲೆ ಸಾಫ್ಟ್‌ವೇರ್. ಅದು ನಿಮಗೇ ಗೊತ್ತು.

ಇನ್ನು ಹುಟ್ಟಿದ ಸ್ಥಳದ ಕಲಂ. ಅಲ್ಲಿ ಬಿಹಾರ, ಒಡಿಶಾ, ಅಸ್ಸಾಂ ಬಂದವು, ನಿಜ. ಆದರೆ ನಾನು ಹೆಚ್ಚು ಬರೆದದ್ದು ಮಂಡ್ಯ, ತುಮಕೂರು, ಹಾಸನ, ಕಲಬುರಗಿ, ರಾಯಚೂರು. ಬೆಂಗಳೂರಿಗೆ ವಲಸೆ ಬಂದವರಲ್ಲಿ ದೊಡ್ಡ ಪಾಲು ಕರ್ನಾಟಕದ ಬೇರೆ ಜಿಲ್ಲೆಗಳವರೇ. ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಹೆಣ್ಣುಮಕ್ಕಳು, ಪೀಣ್ಯದ ಲೇತ್ ಮುಂದೆ ನಿಂತ ಹುಡುಗರು, ಆಟೊ ಓಡಿಸುವವರು, ಈ ನಾನು. ಗಣತಿಯ ಕಣ್ಣಿಗೆ ನಾವೆಲ್ಲ ವಲಸಿಗರು. ಅಷ್ಟೇಕೆ, ಮದುವೆಯಾಗಿ ಈ ಊರಿಗೆ ಬಂದ ಅತ್ತಿಗೆ ನಾದಿನಿಯರೂ ಆ ಪಟ್ಟಿಯಲ್ಲೇ ಬರುತ್ತಾರೆ; ವಲಸೆಗೆ ಕಾರಣಗಳ ಸಾಲಿನಲ್ಲಿ ಮದುವೆಯೂ ಒಂದು! (ನಗಬೇಡಿ, ದೇಶದಲ್ಲಿ ಹೆಂಗಸರ ವಲಸೆಗೆ ಅದೇ ಮೊದಲ ಕಾರಣ.)

ಹಾಗಾದರೆ ಕನ್ನಡಕ್ಕೆ ಆತಂಕವೇ ಇಲ್ಲವೇ? ಇದೆ. ಹತ್ತು ವರ್ಷ ಒಂದೇ ಬಡಾವಣೆಯಲ್ಲಿದ್ದು ಹಾಲಿನವನ ಜೊತೆ ಕನ್ನಡದಲ್ಲಿ ನಾಲ್ಕು ಮಾತಾಡಲು ಬಾರದವರನ್ನು ಕಂಡು ನನಗೂ ಸಿಟ್ಟು ಬರುತ್ತದೆ. ಆದರೆ ‘ಇತರ ಭಾಷೆ’ಯ ಕಲಂ ತುಂಬುವ ಜಾಗ ಯಾವುದು ಎಂದು ನನ್ನ ಶಾಲೆಯಲ್ಲೇ ನೋಡಿದ್ದೇನೆ. ನಮ್ಮ ಮಂಡ್ಯದಿಂದ ಹೋದವರು ಸ್ವಲ್ಪ ಕಾಸು ಕಂಡೊಡನೆ ಮಕ್ಕಳನ್ನು ಇಂಗ್ಲಿಷ್ ಕಾನ್ವೆಂಟಿಗೆ ಹಾಕಿದರು. ಖಾಲಿಯಾದ ಕನ್ನಡ ಶಾಲೆಯ ಬೆಂಚಿನಲ್ಲಿ ಬಂದು ಕೂತದ್ದು ಯಾದಗಿರಿಯ ಗಾರೆ ಕೆಲಸದವರ ಮಕ್ಕಳು, ಬಿಹಾರದ ಬಡಗಿಯ ಮಗ, ನೇಪಾಳದ ಕಾವಲುಗಾರನ ಮಗಳು. ಆ ನೇಪಾಳದ ಹುಡುಗಿ ಆರು ತಿಂಗಳಿಗೆ ಕಾಗುಣಿತ ಮುಗಿಸಿದಳು. ವರ್ಷ ಕಳೆಯುವುದರೊಳಗೆ, ಬ್ಯಾಂಕಿನಲ್ಲಿ ಅವಳ ಅಪ್ಪನ ಚಲನ್ ತುಂಬುತ್ತಿದ್ದವಳು ಅವಳೇ, ಕನ್ನಡದಲ್ಲಿ.

ಈ ಮಾತನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆಂದರೆ, ಬೆಂಗಳೂರಿನ ಕಥೆ ಈಗ ನಮ್ಮೂರಿಗೂ ಬಂದಿದೆ. ನಮ್ಮ ಆಲೆಮನೆಗಳಲ್ಲಿ ಕೊಪ್ಪರಿಗೆ ಮುಂದೆ ನಿಂತವರು ಉತ್ತರಪ್ರದೇಶ, ಬಿಹಾರದವರು. ಕಬ್ಬು ಕಡಿಯಲು ಬಳ್ಳಾರಿ ಕಡೆಯವರು. ಅವರ ಮಕ್ಕಳು ಹಗಲೆಲ್ಲ ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕ ಆಡುತ್ತಿರುತ್ತಾರೆ. ನಿನ್ನೆ ಸಂಜೆ ನಾನೇ ಏಳು ಮಂದಿಯನ್ನು ಎಣಿಸಿದೆ. ಎಣಿಸುವ ಚಟ ಹೋಗಿಲ್ಲ. ಇತ್ತ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಗೆ ಮಕ್ಕಳು ಸಾಲದು ಎಂದು ವರದಿ ಓದಿದರು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಟಿ.ಸಿ. ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಆ ಏಳರಲ್ಲಿ ಇಬ್ಬರಿಗೆ ಹದಿಮೂರು ಎಂದು ಅವರ ತಾಯಂದಿರು ಹೇಳಿದರು. ಉಳಿದವರು ಪ್ರಾಥಮಿಕ ಶಾಲೆಗೆ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಆಲೆಮನೆ ಯಜಮಾನರು ಮೂವರೂ ಈ ಸಭೆಯಲ್ಲೇ ಇದ್ದೀರಿ. ಊಟವಾದ ಮೇಲೆ ಹತ್ತು ನಿಮಿಷ ಆಫೀಸು ಕೋಣೆಗೆ ಬನ್ನಿ.