ನಾಲಗೆಯ ತಪ್ಪೊಂದೇ ಅಲ್ಲ

ಯಾರಿಗಾದರೂ ಶುಗರ್ ಬಂತೆಂದರೆ ನಮ್ಮವರು ಮೊದಲು ಕೇಳುವುದು ಒಂದೇ ಮಾತು: ಸಿಹಿ ಜಾಸ್ತಿ ತಿಂತಿದ್ರಾ? ಕಾಯಿಲೆ ಬಂದವರು ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಾರೆ. ಈ ರೋಗದ ಚರಿತ್ರೆ ಹೇಳುವುದೇ ಬೇರೆ. ಒಬ್ಬರ ತಟ್ಟೆಗೆ ಏನು ಬೀಳುತ್ತದೆ ಎಂಬುದನ್ನು ನಾಲಗೆಗಿಂತ ಹೆಚ್ಚಾಗಿ ಅವರ ನೆಲ, ಸಂಬಳ, ದುಡಿಮೆಯ ಹೊತ್ತು ತೀರ್ಮಾನಿಸುತ್ತವೆ. ಇವತ್ತು ಪಾಮರ್ಸ್ಟನ್ ನಾರ್ತ್‌ನ ನಮ್ಮೆಲ್ಲರಿಗಾಗಿ ಆ ಚರಿತ್ರೆಯನ್ನು ಹೇಳುತ್ತೇನೆ.

ನಮ್ಮ ಹಳೆಯ ವೈದ್ಯಗ್ರಂಥ ಸುಶ್ರುತ ಸಂಹಿತೆ ಪ್ರಮೇಹದಲ್ಲಿ, ಅಂದರೆ ಮಧುಮೇಹವೂ ಸೇರುವ ಮೂತ್ರರೋಗಗಳಲ್ಲಿ, ಎರಡು ಬಗೆ ಗುರುತಿಸಿತ್ತು: ಹುಟ್ಟಿನಿಂದಲೇ ಬರುವುದು ಒಂದು, ಆಹಾರ ವಿಹಾರ ಕೆಟ್ಟು ಬರುವುದು ಇನ್ನೊಂದು. ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ರೋಗಿಯ ಮೂತ್ರದಲ್ಲಿರುವುದು ಸಕ್ಕರೆಯೇ ಎಂದು ತೋರಿಸಿದ. 1889ರಲ್ಲಿ ವೈದ್ಯರಾದ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಮೇದೋಜೀರಕ ಗ್ರಂಥಿಗೂ ಈ ರೋಗಕ್ಕೂ ಇರುವ ನಂಟನ್ನು ಕಂಡರು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಚುಚ್ಚಲಾಯಿತು. ಮರುವರ್ಷ ಸಂಶೋಧಕರು ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಹುಡುಗ ಬದುಕಿಕೊಂಡ. ಆದರೆ ದೊಡ್ಡವರಲ್ಲಿ ಕಾಣುವ ಎರಡನೇ ಬಗೆಯ ಮಧುಮೇಹ ಕೆಲವು ಜನರಲ್ಲೇ ಏಕೆ ಹಬ್ಬುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ನಾವು ಬದುಕುತ್ತಿರುವ ನ್ಯೂಜಿಲೆಂಡಿನಲ್ಲಿ. 1966ರಲ್ಲಿ ಪೆಸಿಫಿಕ್ ಸಾಗರದ ಟೊಕೆಲಾವ್ ಹವಳದ್ವೀಪಗಳಿಗೆ ಚಂಡಮಾರುತ ಬಡಿಯಿತು. ಸರ್ಕಾರ ಅಲ್ಲಿನ ಅನೇಕ ಕುಟುಂಬಗಳನ್ನು ನ್ಯೂಜಿಲೆಂಡಿಗೆ ಕರೆತಂದಿತು. ವೆಲಿಂಗ್ಟನ್‌ನ ವೈದ್ಯ ಇಯಾನ್ ಪ್ರಯರ್ ಮತ್ತವರ ತಂಡ ದ್ವೀಪದಲ್ಲೇ ಉಳಿದವರನ್ನೂ ಇಲ್ಲಿಗೆ ಬಂದವರನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿತು. ರಕ್ತ ಒಂದೇ, ವಂಶ ಒಂದೇ. ಅಲ್ಲಿ ತೆಂಗು, ಮೀನು, ಹಲಸಿನ ಜಾತಿಯ ಬ್ರೆಡ್‌ಫ್ರೂಟ್. ಇಲ್ಲಿ ಬ್ರೆಡ್ಡು, ಸಕ್ಕರೆ, ಕೂಲಿಕೆಲಸ, ಇಕ್ಕಟ್ಟಿನ ಮನೆ. ವಲಸೆ ಬಂದವರಲ್ಲಿ ಮೈತೂಕವೂ ಮಧುಮೇಹವೂ ಹೆಚ್ಚಿದ್ದವು.

ವಲಸೆ ಹೋಗದೆಯೂ ಊಟ ಬದಲಾಗುತ್ತದೆ. ನಮ್ಮ ಮನವತೂ ಬಯಲು ಒಮ್ಮೆ ದಟ್ಟ ಕಾಡು. ರಂಗಿತಾನೆ ಎಂಬ ಮಾವೊರಿ ಬುಡಕಟ್ಟಿನ ಜನ ಕಾಡಿನ ಹಕ್ಕಿ, ನದಿಯ ಹಾವುಮೀನು ಹಿಡಿದು ಬದುಕುತ್ತಿದ್ದರು. 1864ರಲ್ಲಿ ಸುಮಾರು 2,50,000 ಎಕರೆಯ ತೆ ಆಹು ಅ ತುರಂಗ ಪ್ರದೇಶ ಸರ್ಕಾರದ ಕೈಸೇರಿತು. 1866ರಲ್ಲಿ ನಮ್ಮ ಈ ಊರಿನ ನಕ್ಷೆ ಬರೆದರು, ಕಾಡು ಕಡಿದರು. ನೆಲದ ಜೊತೆ ಊಟವೂ ಹೋಯಿತು. ಹಿಟ್ಟು, ಸಕ್ಕರೆ ಕೊಂಡು ತಿನ್ನುವ ಬಾಳು ಬಂತು. ಇಂದು ಮಾವೊರಿ ಮತ್ತು ಪೆಸಿಫಿಕ್ ಜನರಲ್ಲಿ ಮಧುಮೇಹ ಯೂರೋಪಿಯನ್ ಮೂಲದವರಿಗಿಂತ ಬಹಳ ಹೆಚ್ಚು. ಭಾರತೀಯ ಮೂಲದ ನಾವೂ ಆ ಸಾಲಿನಲ್ಲೇ ಇದ್ದೇವೆ.

ನಮ್ಮ ಕಥೆಯ ಒಂದು ಎಳೆ ಮೈಸೂರಿನಲ್ಲಿದೆ. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ಅಳತೆ, ತೂಕ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು ಅದೇ ಜನರನ್ನು ಹುಡುಕಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದ್ರೋಗದ ಅಪಾಯ ಹೆಚ್ಚಿತ್ತು. 1997-98ರಲ್ಲಿ ಅಲ್ಲೇ ಆರಂಭವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಹಿಂಬಾಲಿಸಿತು: ಬಸಿರಲ್ಲಿ ತಾಯಿಗೆ ಮಧುಮೇಹವಿದ್ದರೆ, ಮಕ್ಕಳಿಗೆ ಹತ್ತು ತುಂಬುವ ಮೊದಲೇ ಇನ್ಸುಲಿನ್ ಸರಿಯಾಗಿ ಹಿಡಿಯದ ಲಕ್ಷಣ ಕಂಡಿತು. ತಾಯಿಗೆ ಸಿಕ್ಕ ಊಟ, ಆರೈಕೆ ಮಗುವಿನ ನಾಳೆಯನ್ನು ಬರೆಯುತ್ತವೆ.

ಮಧುಮೇಹ ಸಿರಿವಂತರ ಕಾಯಿಲೆ ಎಂಬ ನಂಬಿಕೆಯೂ ಸವೆದಿದೆ. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಹೇಳಿತು. ಅದಕ್ಕೂ ಮೊದಲೇ, 2017ರಲ್ಲಿ, ಅದೇ ಸಮೀಕ್ಷೆ ಮುಂದುವರಿದ ರಾಜ್ಯಗಳ ನಗರಗಳಲ್ಲಿ ಉಳ್ಳವರಿಗಿಂತ ಬಡವರಲ್ಲೇ ಈ ರೋಗ ಹೆಚ್ಚೆಂದು ತೋರಿಸಿತ್ತು. ನ್ಯೂಜಿಲೆಂಡಿನಲ್ಲೂ ಬಡತನ ಹೆಚ್ಚಿರುವ ಬಡಾವಣೆಗಳಲ್ಲಿ ಮಧುಮೇಹ ಹೆಚ್ಚು. ಸಂಬಳ ಸಾಲದಿದ್ದಾಗ ಸೊಪ್ಪಿಗಿಂತ ನೂಡಲ್ಸ್ ಅಗ್ಗ. ರಾತ್ರಿಪಾಳಿ ಮುಗಿಸಿ ಬಂದವರಿಗೆ ನಡೆಯಲು ಹೊತ್ತಿಲ್ಲ. ಡಾಕ್ಟರ ಫೀಸು ನೆನೆದು ತಪಾಸಣೆ ಮುಂದೂಡುತ್ತಾರೆ. ಹಿರಿಯರ ಆರೈಕೆ ಕೇಂದ್ರಗಳಲ್ಲಿ, ಡೇರಿಗಳಲ್ಲಿ ದುಡಿಯುವವರಿಗೂ ಮ್ಯಾಸಿ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಪಾರ್ಟ್‌ಟೈಮ್ ಕೆಲಸ ಮಾಡುವ ಮಕ್ಕಳಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ದಕ್ಷಿಣ ಏಷ್ಯಾದವರಲ್ಲಿ ಗಂಡಸರು 30ಕ್ಕೆ, ಹೆಂಗಸರು 40ಕ್ಕೆ ಹೃದಯ ಮತ್ತು ಸಕ್ಕರೆಯ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದು ಇಲ್ಲಿನ ಸಲಹೆ. ನಿಮ್ಮ ಜಿಪಿಯ ಬಳಿ ಎಚ್‌ಬಿಎ1ಸಿ ರಕ್ತಪರೀಕ್ಷೆ ಕೇಳಿ. ಇಲ್ಲಿ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ, 41ರಿಂದ 49 ಎಚ್ಚರಿಕೆಯ ಹಂತ. ಭಾರತದ ರಿಪೋರ್ಟಿನಲ್ಲಿ ಬರುವ ಶೇಕಡಾ ಲೆಕ್ಕ ಬೇರೆ, ಹೋಲಿಸಿ ಗಾಬರಿಯಾಗಬೇಡಿ. ಆದಾಯ ಕಡಿಮೆಯಿದ್ದರೆ ಕಮ್ಯೂನಿಟಿ ಸರ್ವಿಸಸ್ ಕಾರ್ಡಿಗೆ ನೀವು ಅರ್ಹರೇ ಎಂದು ವಿಚಾರಿಸಿ, ಅದಿದ್ದರೆ ಫೀಸು ಇಳಿಯುತ್ತದೆ. ನಮ್ಮ ಹಬ್ಬದೂಟಗಳಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸೋಣ. ಮುಖ್ಯವಾಗಿ, ಶುಗರ್ ಬಂದವರನ್ನು ದೂರುವುದು ಬಿಡೋಣ. ದೂರಿದರೆ ಅವರು ಕಾಯಿಲೆ ಮುಚ್ಚಿಡುತ್ತಾರೆ. ಜೊತೆಗೆ ನಿಂತರೆ ಚಿಕಿತ್ಸೆಗೆ ಬರುತ್ತಾರೆ.