ಮಾತ್ರೆಯ ಪಯಣ: ಇಲಿ ಹೇಳಿದ್ದು, ನಾಯಿ ಹೇಳಿದ್ದು

ಮಾತ್ರೆ ಬಾಯಿಗೆ ಹಾಕಿಕೊಂಡು ಒಂದು ಲೋಟ ನೀರು ಕುಡಿದರೆ ನಮ್ಮ ಕೆಲಸ ಮುಗಿಯಿತು. ಮಾತ್ರೆಯ ಕೆಲಸ ಶುರುವಾಗುವುದೇ ಆಮೇಲೆ. ಹೊಟ್ಟೆಯ ಹುಳಿಯಲ್ಲಿ ಕೆಡದೆ ಕರಗಬೇಕು, ಕರುಳಿನ ಗೋಡೆ ದಾಟಬೇಕು, ಲಿವರ್ ಕೈಗೆ ಪೂರ್ತಿ ಸಿಕ್ಕಿಬೀಳದೆ ರಕ್ತ ಸೇರಬೇಕು. ಹೊಸ ಔಷಧವೊಂದು ಇಷ್ಟು ದೂರ ಸಾಗುತ್ತದೋ ಇಲ್ಲವೋ ಎಂದು ಮನುಷ್ಯರಿಗೆ ಕೊಡುವ ಮೊದಲೇ ತಿಳಿಯುವುದು ಹೇಗೆ? ವಿಜ್ಞಾನಿಗಳು ಇಲಿಯನ್ನು ಕೇಳಿದರು, ನಾಯಿಯನ್ನು ಕೇಳಿದರು, ಕೋತಿಯನ್ನೂ ಕೇಳಿದರು. ಬಂದ ಉತ್ತರಗಳ ಕಥೆ ನನಗೆ ಬಹಳ ಪ್ರಿಯವಾದದ್ದು.

ಹತ್ತೊಂಬತ್ತನೆಯ ಶತಮಾನವನ್ನು ಬೇಗ ದಾಟಿಬಿಡೋಣ. ಜರ್ಮನಿಯ ಹೈಡನ್‌ಹೈನ್, ರಷ್ಯಾದ ಪಾವ್ಲೋವ್ ನಾಯಿಯ ಜಠರದ ಒಂದು ಭಾಗವನ್ನು ಪುಟ್ಟ ಚೀಲದಂತೆ ಬೇರ್ಪಡಿಸಿ, ಅದರ ರಸವನ್ನು ಹೊರಗೆ ಸಂಗ್ರಹಿಸಲು ಕಲಿತರು. ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಈ ಅಧ್ಯಯನಕ್ಕೇ. ಆದರೆ ಅವರಿಗೆ ಬೇಕಿದ್ದದ್ದು ಅನ್ನದ ಕಥೆ, ಔಷಧದ್ದಲ್ಲ.

ಔಷಧದ ಕಥೆಗೆ ಬಂದವನು ಬರ್ನಾರ್ಡ್ ಬ್ರೋಡಿ. ಇಂಗ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ನೆಲೆಸಿದ ರಸಾಯನಶಾಸ್ತ್ರಜ್ಞ. ಎರಡನೆಯ ಮಹಾಯುದ್ಧದಲ್ಲಿ ಜಾವಾ ದ್ವೀಪ ಜಪಾನಿನ ವಶವಾಗಿ ಕ್ವಿನೈನ್ ಬರುವುದು ನಿಂತಿತು. ಮಲೇರಿಯಾಕ್ಕೆ ಉಳಿದದ್ದು ಆಟಾಬ್ರಿನ್. ಸೈನಿಕರ ಮೈ ಹಳದಿಯಾಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ಜ್ವರ ಮಾತ್ರ ಬೇಗ ಇಳಿಯುತ್ತಿರಲಿಲ್ಲ. ಎಷ್ಟು ಮಾತ್ರೆ ಕೊಟ್ಟೆವು ಎಂದು ಎಲ್ಲರೂ ಲೆಕ್ಕ ಹಾಕುತ್ತಿದ್ದಾಗ, ನ್ಯೂಯಾರ್ಕಿನ ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ ಬ್ರೋಡಿ ಮತ್ತು ಸಂಗಡಿಗರು ರಕ್ತದಲ್ಲಿ ಎಷ್ಟಿದೆ ಎಂದು ಅಳೆದರು. ಔಷಧವೆಲ್ಲ ಅಂಗಾಂಶಗಳಲ್ಲಿ ಅಡಗಿ ಕೂತಿತ್ತು, ರಕ್ತದಲ್ಲಿ ಉಳಿದದ್ದು ಚೂರುಪಾರು. ಹಾಗಾದರೆ ಮೊದಲ ದಿನ ಹೆಚ್ಚು ಕೊಡಿ, ಆಮೇಲೆ ಸ್ವಲ್ಪ ಸ್ವಲ್ಪ ಸಾಕು ಎಂದರು. ಕೆಲಸವಾಯಿತು. ಕೊಟ್ಟದ್ದನ್ನಲ್ಲ, ರಕ್ತಕ್ಕೆ ಸೇರಿದ್ದನ್ನು ನೋಡಬೇಕು: ನಾನಿವತ್ತು ಹೇಳಹೊರಟಿರುವುದೆಲ್ಲ ಈ ಒಂದು ಹಟದಿಂದಲೇ ಹುಟ್ಟಿದ್ದು.

ಯುದ್ಧ ಮುಗಿದ ಮೇಲೆ ಬೆಥೆಸ್ಡಾದಲ್ಲಿರುವ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬ್ರೋಡಿಯದೇ ಪ್ರಯೋಗಾಲಯವಾಯಿತು. 1957ರಲ್ಲಿ ಶ್ಯಾಂಕರ್, ಶೋರ್, ಹಾಗ್ಬೆನ್ ಜೊತೆ ಮಾಡಿದ ಪ್ರಯೋಗವನ್ನು ಓದಿದಾಗಲೆಲ್ಲ ನನಗೆ ರೋಮಾಂಚನ. ಇಲಿಗೆ ಅರಿವಳಿಕೆ ಕೊಟ್ಟು, ಜಠರದ ಎರಡೂ ತುದಿ ಕಟ್ಟಿ, ಒಳಗೆ ಹುಳಿದ್ರಾವಣದಲ್ಲಿ ಔಷಧ ತುಂಬಿದರು. ಒಂದು ಗಂಟೆ ಬಿಟ್ಟು ನೋಡಿದರೆ ಸ್ಯಾಲಿಸಿಲಿಕ್ ಆಮ್ಲ ಅರ್ಧಕ್ಕಿಂತ ಹೆಚ್ಚು ಮಾಯ. ಕ್ವಿನೈನ್ ಇದ್ದಲ್ಲೇ ಇದೆ. ನಾಯಿಯಲ್ಲಿ ತಿರುವುಮುರುವು ಮಾಡಿದರು. ಕ್ಷಾರಗುಣದ ಔಷಧವನ್ನು ರಕ್ತಕ್ಕೆ ಕೊಟ್ಟರೆ ಅದು ಜಠರರಸದೊಳಗೆ ಇಳಿದು, ರಕ್ತದಲ್ಲಿದ್ದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶೇಖರವಾಯಿತು. ಹುಳಿಯಲ್ಲಿ ಕ್ಷಾರದ ಅಣು ವಿದ್ಯುದಂಶ ಹೊರುತ್ತದೆ, ಆಮ್ಲದ ಅಣು ಅಷ್ಟಾಗಿ ಹೊರುವುದಿಲ್ಲ. ವಿದ್ಯುದಂಶ ಹೊತ್ತ ಅಣು ಜೀವಪೊರೆಯನ್ನು ಸುಲಭವಾಗಿ ದಾಟದು, ಹೊರದ ಅಣು ದಾಟುತ್ತದೆ. ಅದೇ ವರ್ಷ ಮನುಷ್ಯರ ಜಠರದಲ್ಲಿ ನೋಡಿದರೂ ಇದೇ ನಿಯಮ! ಪುಟ್ಟ ಇಲಿ ನಮ್ಮ ಹೊಟ್ಟೆಯ ಸತ್ಯ ಹೇಳಿಬಿಟ್ಟಿತ್ತು.

 

ಆದರೆ ಎಚ್ಚರಿಕೆಯ ಗಂಟೆ ಬಾರಿಸಿದ್ದೂ ಅದೇ ಪ್ರಯೋಗಾಲಯ. 1958ರಲ್ಲಿ ಕ್ವಿನ್, ಆಕ್ಸೆಲ್‌ರಾಡ್, ಬ್ರೋಡಿ ಹೆಕ್ಸೋಬಾರ್ಬಿಟಾಲ್ ಎಂಬ ನಿದ್ದೆಯ ಔಷಧ ಕೊಟ್ಟು ನೋಡಿದರು. ಸುಂಡಿಲಿ 12 ನಿಮಿಷಕ್ಕೆ ಎದ್ದಿತು. ತೂಕದ ಲೆಕ್ಕದಲ್ಲಿ ಅದರ ಅರ್ಧ ಪ್ರಮಾಣ ಪಡೆದ ನಾಯಿ ಐದು ಗಂಟೆಗೂ ಮೀರಿ ಮಲಗಿತ್ತು. ಪ್ರತಿ ಜೀವಿಯ ಲಿವರ್ ತನ್ನದೇ ವೇಗದಲ್ಲಿ ಔಷಧವನ್ನು ಒಡೆದುಹಾಕುತ್ತದೆ.

ದುಃಖವೆಂದರೆ ಈ ಗಂಟೆ ಎಲ್ಲರ ಕಿವಿಗೂ ಬೀಳಲಿಲ್ಲ. ಮುಂದಿನ ದಶಕಗಳಲ್ಲಿ ನಾಯಿಗೆ ಮಾತ್ರೆ ನುಂಗಿಸುವುದು ರೂಢಿಯಾಯಿತು. ನುಂಗಿಸಲು ಸುಲಭ, ರಕ್ತ ತೆಗೆಯಲು ಸುಲಭ. ಕಡೆಗೆ ಶಿಕಾಗೋದ ವಿಜ್ಞಾನಿ ಚಿಯು ಕೂತು ಹಳೆಯ ಅಂಕಿಅಂಶ ಜೋಡಿಸಿದರು. 1998ರಲ್ಲಿ 64 ಔಷಧಗಳ ಲೆಕ್ಕ: ಕರುಳು ಎಷ್ಟು ಪಾಲು ಹೀರುತ್ತದೆ ಎಂಬುದರಲ್ಲಿ ಇಲಿಗೂ ಮನುಷ್ಯನಿಗೂ ಅಚ್ಚರಿಯ ಹೊಂದಿಕೆ. 2000ರಲ್ಲಿ 43 ಔಷಧ, ಈ ಸಲ ನಾಯಿ: ಹೊಂದಿಕೆ ಬಹಳ ಸಡಿಲ. ಬಿಪಿಗೆ ಕೊಡುವ ಅಟೆನೊಲಾಲ್ ನಮ್ಮಲ್ಲಿ ಸುಮಾರು ಅರ್ಧದಷ್ಟೇ ಒಳಸೇರಿದರೆ ನಾಯಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ನಾಯಿಯ ಕರುಳಿನ ಜೀವಕೋಶಗಳ ನಡುವಿನ ಸಂದು ಅಷ್ಟು ಅಗಲ. ಕೋತಿಯ ಕರುಳು ನಮ್ಮಂತೆಯೇ ಹೀರುತ್ತದೆ, ಆದರೆ ಕರುಳಿನ ಗೋಡೆಯಲ್ಲೂ ಲಿವರಿನಲ್ಲೂ ನಮಗಿಂತ ಹೆಚ್ಚು ನಾಶಮಾಡುತ್ತದೆ. 2014ರಲ್ಲಿ 184 ಔಷಧಗಳನ್ನು ಒಟ್ಟಿಗಿಟ್ಟು, ರಕ್ತಕ್ಕೆ ಕೊನೆಗೆ ಸೇರುವ ಪಾಲನ್ನು ಹೋಲಿಸಿದಾಗ ಪ್ರಾಣಿಯ ಅಂಕಿಯಿಂದ ಮನುಷ್ಯನ ಅಂಕಿಯನ್ನು ನೆಚ್ಚಿ ಹೇಳಲಾಗದು ಎಂದೇ ತೇಲಿತು.

ಹಾಗೆಂದು ನಾಯಿಯ ಋಣವನ್ನು ನಾನು ಮರೆಯಲಾರೆ. ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯುವ ಅಪ್ರೆಪಿಟೆಂಟ್ ನೀರಿನಲ್ಲಿ ಕರಗುವುದೇ ಕಷ್ಟ. ಅದನ್ನು ಅತಿಸೂಕ್ಷ್ಮ ಕಣಗಳಾಗಿ ಅರೆದರೆ ಖಾಲಿಹೊಟ್ಟೆಯಲ್ಲೂ ಒಳಸೇರುತ್ತದೆ ಎಂದು ತೋರಿಸಿಕೊಟ್ಟದ್ದು ನಾಯಿಗಳೇ. ಪ್ರಶ್ನೆ ಸರಿಯಿದ್ದರೆ ಪ್ರಾಣಿ ಸರಿಯಾಗಿಯೇ ಹೇಳುತ್ತದೆ. ನಾವು ಕರುಳಿನ ಪ್ರಶ್ನೆ ಕೇಳಿ ಲಿವರಿನ ಉತ್ತರ ಬರೆದುಕೊಂಡೆವು. ಆ ತಪ್ಪಿಗೆ ಎಷ್ಟು ಜೀವ ಹೋದವೋ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ. ಈಗ ಕರುಳಿನ ಪ್ರಶ್ನೆ ಕೇಳಲು ಮನುಷ್ಯನ ಕರುಳಿನ ಗೆಡ್ಡೆಯಿಂದ ಬೆಳೆಸಿದ ಕಾಕೊ-2 ಕೋಶಗಳಿವೆ, ಕರುಳು, ಲಿವರ್‌ಗಳ ಲೆಕ್ಕವನ್ನು ಬೇರೆ ಬೇರೆ ಹಾಕುವ ಕಂಪ್ಯೂಟರ್ ಮಾದರಿಗಳಿವೆ. ಪ್ರಾಣಿಗಳ ಬದಲು ಇಂಥ ವಿಧಾನಗಳನ್ನೂ ಬಳಸಬಹುದೆಂದು 2023ರಲ್ಲಿ ನಮ್ಮ ದೇಶದ ಔಷಧ ನಿಯಮಗಳಿಗೂ ತಿದ್ದುಪಡಿ ಬಂದಿದೆ.